ಫಿಸಿಕ್ಸ್ ಓದಿದವರು ಜೀವಕೋಶದ ಪೋಸ್ಟ್‌ಡಾಕ್‌ಗೆ ಹೋಗಬಹುದೇ?

ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮುಗೀತಾ ಬಂತು, ಬಯಾಲಜಿ ಪ್ಲಸ್ ಟುಗೇ ನಿಂತಿದೆ, ಮೆಕಾನೋಬಯಾಲಜಿ (ಎಳೆತ, ಒತ್ತಡಗಳಿಗೆ ಜೀವಕೋಶ ಹೇಗೆ ಸ್ಪಂದಿಸುತ್ತದೆ ಅನ್ನುವ ಅಧ್ಯಯನ) ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ರಿಸರ್ಚ್ ಕೆಲಸಕ್ಕೆ, ಅರ್ಜಿ ಹಾಕಲಾ ಅಂತ ಕೇಳಿದ್ದೀರಿ.

ಧೈರ್ಯವಾಗಿ ಹಾಕಿ. ನಾನು ಬದಿಯಡ್ಕದ ಕಡೆಯವನು, ಫಿಸಿಕ್ಸಿನಿಂದಲೇ ಬಂದವನು. ಊರಲ್ಲಿ ಯಾರಾದರೂ ಏನು ರಿಸರ್ಚ್ ಅಂತ ಕೇಳಿದರೆ "ಜೀವಕೋಶ ಎಳೆದು ನೋಡುವುದು" ಅನ್ನುತ್ತೇನೆ. ಸುಳ್ಳೇನಲ್ಲ ಅಲ್ವಾ?

ಎಳೆದರೆ ಆಗುವುದೇ ಮಜಾ. ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಪದರ ಹಿಗ್ಗಿದರೆ ಕೋಶದ ಪೊರೆಯಲ್ಲಿ ಬಾಗಿಲಿನ ಹಾಗಿರುವ ಪೀಜೋ1 ಎಂಬ ಚಾನೆಲ್ ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದರಿಂದ ಕೋಶದೊಳಗೆ ಸಂದೇಶ ಸಾಗಿಸುವ ಇಆರ್‌ಕೆ ಎಂಬ ಪ್ರೋಟೀನ್ ಚುರುಕಾಗುತ್ತದೆ, ವಿಭಜನೆಗೆ ಬೇಕಾದ ಸೈಕ್ಲಿನ್ ಬಿ ಎಂಬ ಪ್ರೋಟೀನ್ ತಯಾರಾಗುತ್ತದೆ. ವಿಭಜನೆಗೆ ಸ್ವಲ್ಪ ಮುಂಚಿನ ಜಿ2 ಹಂತದಲ್ಲಿ ಸುಮ್ನೆ ಕಾದು ಕೂತಿದ್ದ ಕೋಶ ವಿಭಜನೆಗೆ ಹೊರಡುತ್ತದೆ. ಇದು ಪ್ರಕಟವಾದದ್ದು 2017ರಲ್ಲಿ. ಜಾಗ ಇಕ್ಕಟ್ಟಾದಾಗ ಕೋಶಗಳನ್ನು ಪದರದಿಂದ ಹೊರದಬ್ಬುವುದಕ್ಕೂ ಇದೇ ಪೀಜೋ1 ಬೇಕು! ಈ ಚಾನೆಲ್ ಪತ್ತೆ ಮಾಡಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು.

ದಿನದ ಕೆಲಸ ಇಷ್ಟು ಚಂದ ಇಲ್ಲ. ಗಾಜಿನ ಮೇಲೆ ಅಕ್ರಿಲಮೈಡ್ ಜೆಲ್ ಹಾಕಬೇಕು. ಜೆಲ್‌ನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಬಿಸ್-ಅಕ್ರಿಲಮೈಡ್ ಜಾಸ್ತಿಯಾದರೆ ಗಟ್ಟಿ, ಕಮ್ಮಿಯಾದರೆ ನಮ್ಮ ಹಾಲುಬಾಯಿಯ ಹಾಗೆ ಮೆತ್ತಗೆ. ಮೇಲಿನ ಗಾಜು ಎತ್ತುವಾಗ ಹರಿದುಹೋದರೆ ಮತ್ತೆ ಮೊದಲಿಂದ. ಜೆಲ್ ಒಳಗೆ ಹೊಳೆಯುವ ಸಣ್ಣ ಮಣಿಗಳಿರುತ್ತವೆ. ಕೋಶ ಅಂಟಿಕೊಂಡು ಜಗ್ಗಿದಾಗ ಅವು ಸರಿಯುತ್ತವೆ. ಕೊನೆಗೆ ಅಂಟು ಬಿಡಿಸುವ ಟ್ರಿಪ್ಸಿನ್ ಎಂಬ ಕಿಣ್ವ ಬಿಟ್ಟು ಕೋಶವನ್ನು ಎಬ್ಬಿಸಿದರೆ ಮಣಿಗಳು ಹಳೇ ಜಾಗಕ್ಕೆ ವಾಪಸ್. ಎಷ್ಟು ಸರಿದಿದ್ದವು, ಜೆಲ್ ಎಷ್ಟು ಗಟ್ಟಿ, ಇವೆರಡು ಗೊತ್ತಿದ್ದರೆ ಕೋಶ ಹಾಕಿದ ಬಲ ಸಿಗುತ್ತದೆ. ಈ ಲೆಕ್ಕ ನಿಮಗೆ ನೀರು ಕುಡಿದಷ್ಟು ಸುಲಭ.

ನಮ್ಮಂಥವರಿಗೆ ಕಷ್ಟವಾಗುವುದು ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಇಡುವ ಪ್ರಯೋಗ. ಎಳೆದದ್ದಕ್ಕೇ ಕೋಶ ವಿಭಜನೆಯಾಯಿತಾ, ಅಥವಾ ಆಗ ತಾನೇ ಹಾಕಿದ ಹೊಸ ಮೀಡಿಯಂನಲ್ಲಿ (ಕೋಶಗಳಿಗೆ ಆಹಾರವಾಗುವ ದ್ರವ) ಇರುವ, ಬೆಳವಣಿಗೆಗೆ ಪ್ರಚೋದನೆ ಕೊಡುವ ಸೀರಮ್‌ನಿಂದಲಾ? ಎಳೆಯದೆ ಬಿಟ್ಟ ಪ್ಲೇಟಿಗೂ ಅದೇ ಹೊತ್ತಿಗೆ ಅದೇ ಮೀಡಿಯಂ ಹಾಕಿರಬೇಕು. ಪೀಜೋ1 ತೆಗೆದ ಕೋಶಗಳನ್ನೂ ಎಳೆದು ನೋಡಿರಬೇಕು. ಬಯಾಲಜಿಯವರಿಗೆ ಇದು ಮಾಮೂಲಿ, ನಮಗೆ ರೂಢಿಯಾಗಲು ಟೈಮ್ ಬೇಕು. ಪಠ್ಯಪುಸ್ತಕ ಪೂರ್ತಿ ಓದಿಯೇ ಅರ್ಜಿ ಹಾಕುತ್ತೇನೆ ಅಂತ ಕೂರಬೇಡಿ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಸಿಂಗಾಪುರದ ಮೆಕಾನೋಬಯಾಲಜಿ ಇನ್‌ಸ್ಟಿಟ್ಯೂಟ್ ಎರಡನ್ನೂ ನೋಡಿ. ಇಂಟರ್‌ವ್ಯೂನಲ್ಲಿ ಒಂದು ಮಾತು ಕೇಳಲೇಬೇಕು: ಸೆಲ್ ಕಲ್ಚರ್ (ಲ್ಯಾಬಿನಲ್ಲಿ ಕೋಶ ಬೆಳೆಸುವುದು) ನನಗೆ ಕೈಹಿಡಿದು ಕಲಿಸುವವರು ಯಾರು? ಒಬ್ಬರ ಹೆಸರು ಹೇಳಿದರೆ ಸರಿ. "ನೋಡ್ಕೊಂಡು ಕಲೀಬಹುದು" ಅಂದರೆ ಬೇರೆ ಲ್ಯಾಬ್ ಹುಡುಕಿ.