ಡಿಸ್ಕ್ ಹಾಕಿದರೂ ಜಾಗ ಹೆಚ್ಚಲಿಲ್ಲವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೂಟಗಳ್ಳಿಯ ನಮ್ಮ ಕಚೇರಿಯ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ವಿಎಂಗಳನ್ನು ನಡೆಸುವ ತಂತ್ರಾಂಶ) ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್‌ಗಳು ರೇಡ್ 5ರಲ್ಲಿದ್ದವು (ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಮೀಸಲಾಗುವ ಜೋಡಣೆ). ಐದನೆಯದನ್ನು ಸೇರಿಸಿದೆವು. ರೇಡ್ ಕಾರ್ಡ್ 16 ಟಿಬಿ ತೋರಿಸುತ್ತಿದೆ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಳೆಯ ಅಳತೆಯೇ ಇದೆ. ಫೈಲ್ ಸರ್ವರ್ ಆಗಿರುವ ಉಬುಂಟು ವಿಎಂಗೆ ತುರ್ತಾಗಿ 300 ಜಿಬಿ ಬೇಕು. ಎಲ್ಲಿ ತಪ್ಪಿದೆವು?
– ಓದುಗರು, ಮೈಸೂರು

ಉತ್ತರ: ತಪ್ಪೇನೂ ಆಗಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೆ. ಕನ್ನಂಬಾಡಿಯಲ್ಲಿ ನೀರು ತುಂಬಿದ್ದರೂ ದಾರಿಯಲ್ಲಿರುವ ತೂಬುಗಳನ್ನೆಲ್ಲ ಎತ್ತದೆ ನಾಲೆಯ ಕೊನೇ ಗದ್ದೆಗೆ ಹನಿಯೂ ಬರುವುದಿಲ್ಲ. ಇದೂ ಹಾಗೆಯೇ. ಕಾರ್ಡ್, ಕರ್ನಲ್ (ಲಿನಕ್ಸ್‌ನ ತಿರುಳು), ಪಾರ್ಟಿಷನ್ (ಡಿಸ್ಕ್‌ನ ಭಾಗ), ಎಲ್‌ವಿಎಂ (ಜಾಗವನ್ನು ಒಟ್ಟುಗೂಡಿಸಿ ಹಂಚುವ ಪದರ), ವಿಎಂನ ಡಿಸ್ಕ್, ಅದರೊಳಗಿನ ಫೈಲ್ ಸಿಸ್ಟಂ, ಒಂದೊಂದಕ್ಕೂ ಬೇರೆ ಬೇರೆಯಾಗಿ ಹೇಳಬೇಕು. ಅಳತೆ ಎಲ್ಲಿ ನಿಂತಿದೆ ಎಂದು ಮೊದಲು ಹುಡುಕಿ, ಆಮೇಲೆ ಆದೇಶ ಕೊಡಿ.

ಶುರು ಮಾಡುವ ಮುನ್ನ ವಿಎಂಗಳ ಬ್ಯಾಕಪ್ ಬೇರೊಂದು ಯಂತ್ರದಲ್ಲಿರಲಿ. ಕಾರ್ಡ್‌ನಲ್ಲಿ ವಿಸ್ತರಣೆ ಪೂರ್ತಿ ಮುಗಿದಿದೆಯೇ ನೋಡಿ. 4 ಟಿಬಿ ಡಿಸ್ಕ್‌ಗಳಿಗೆ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಚೆಸ್ಕಾಂ ವಿದ್ಯುತ್ ನಿಲುಗಡೆ ಪ್ರಕಟಿಸಿದ ದಿನ ಈ ಕೆಲಸ ಬೇಡ. ಯುಪಿಎಸ್ ಮತ್ತು ಕಾರ್ಡ್‌ನ ಬ್ಯಾಟರಿ ಎರಡೂ ಸರಿಯಿರಬೇಕು.

ಈಗ ಹೋಸ್ಟ್‌ನಲ್ಲಿ, ಅಂದರೆ ಪ್ರಾಕ್ಸ್‌ಮಾಕ್ಸ್ ಇರುವ ಯಂತ್ರದಲ್ಲೇ, ಡಿಸ್ಕ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬ್ಲಾಕ್’ ಕೊಡಿ. ಡಿಸ್ಕ್‌ನ ಹೆಸರಾದ ಎಸ್‌ಡಿಎ ಎದುರು 10.9ಟಿ ಎಂದೇ ಇದ್ದರೆ ಕರ್ನಲ್‌ಗೆ ಸುದ್ದಿ ಮುಟ್ಟಿಲ್ಲ. /ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ರೀಸ್ಕ್ಯಾನ್ ಕಡತಕ್ಕೆ 1 ಎಂದು ಬರೆಯಿರಿ. ಆಗ 14.6ಟಿ ಆಗುತ್ತದೆ. 16 ಇರಬೇಕಿತ್ತಲ್ಲ ಎಂದು ಗಾಬರಿಯಾಗಬೇಡಿ: ಡಿಸ್ಕ್ ತಯಾರಕರದು ಸಾವಿರದ ಲೆಕ್ಕ, ಲಿನಕ್ಸ್‌ನದು 1024ರ ಲೆಕ್ಕ. ಕೆಳಗಿನ ಎಸ್‌ಡಿಎ3 ಸಾಲು ಇನ್ನೂ 10.9ರಲ್ಲೇ ಇರುತ್ತದೆ. ಮುಂದಿನ ತೂಬು ಅದೇ.

‘ಪಾರ್ಟೆಡ್’ ತೆರೆದು ‘ಪ್ರಿಂಟ್’ ಎಂದರೆ, ಡಿಸ್ಕ್‌ನ ಪೂರ್ತಿ ಜಾಗ ಬಳಕೆಯಾಗಿಲ್ಲ, ಸರಿಪಡಿಸಲೇ ಎಂದು ಕೇಳುತ್ತದೆ. ಜಿಪಿಟಿ, ಅಂದರೆ ಪಾರ್ಟಿಷನ್‌ಗಳ ಪಟ್ಟಿಯ ಎರಡನೇ ಪ್ರತಿ ಹಳೆಯ ಕೊನೆಯಲ್ಲೇ ಉಳಿದಿರುವುದರಿಂದ ಬರುವ ಪ್ರಶ್ನೆ ಅದು, ‘ಫಿಕ್ಸ್’ ಎನ್ನಿ. ಬಳಿಕ ‘ರೀಸೈಜ್‌ಪಾರ್ಟ್ 3 100%’, ಹೊರಬಂದು ‘ಪಿವಿರೀಸೈಜ್ /ಡೆವ್/ಎಸ್‌ಡಿಎ3’. ವಾಲ್ಯೂಮ್ ಗ್ರೂಪ್‌ಗಳ (ಎಲ್‌ವಿಎಂನ ಒಟ್ಟು ಜಾಗ) ಪಟ್ಟಿ ಕೊಡುವ ‘ವಿಜಿಎಸ್’ನಲ್ಲಿ ಖಾಲಿ ಜಾಗ ಕಂಡರೆ, ವಿಎಂಗಳ ಡಿಸ್ಕ್ ಇರುವ ಪೂಲ್ ಹಿಗ್ಗಿಸಲು ‘ಎಲ್‌ವಿಎಕ್ಸ್‌ಟೆಂಡ್ -ಎಲ್ +3ಟಿ ಪಿವಿಇ/ಡೇಟಾ’ ಕೊಡಿ. ಇಲ್ಲಿ ಎಲ್ ದೊಡ್ಡಕ್ಷರ. ಉಳಿದದ್ದನ್ನು ಹಾಗೇ ಬಿಡಿ. ಅದು ಯಾಕೆ ಬೇಕೆಂದು ಮುಂದಿನ ಉತ್ತರದಲ್ಲಿದೆ.

ಇನ್ನು ವಿಎಂ. ಅದರ ಸಂಖ್ಯೆ 101 ಎಂದಿಟ್ಟುಕೊಂಡರೆ ‘ಕ್ಯೂಎಂ ರೀಸೈಜ್ 101 ಸ್ಕಸಿ0 +300ಜಿ’. ಕೂಡಿಸುವ ಚಿಹ್ನೆ ಮರೆತರೆ ಒಟ್ಟು ಅಳತೆಯನ್ನೇ 300 ಮಾಡಿ ಎಂದು ಅರ್ಥವಾಗುತ್ತದೆ. ಕುಗ್ಗಿಸಲು ಪ್ರಾಕ್ಸ್‌ಮಾಕ್ಸ್ ಒಪ್ಪುವುದಿಲ್ಲ, ಹಾಗಾಗಿ ಹಿಗ್ಗಿಸುವಾಗಲೇ ಅಳೆದು ಹಿಗ್ಗಿಸಿ. ಉಬುಂಟು ಒಳಗೆ ‘ಗ್ರೋಪಾರ್ಟ್ /ಡೆವ್/ಎಸ್‌ಡಿಎ 3’. ಎಸ್‌ಡಿಎ ಮತ್ತು 3ರ ನಡುವೆ ಜಾಗ ಬಿಡಬೇಕು, ಬಹಳ ಮಂದಿ ಎಡವುವುದು ಇಲ್ಲೇ. ‘ನೋಚೇಂಜ್’ ಎಂದು ಬಂದರೆ ಆ ಪಾರ್ಟಿಷನ್ ಹಿಂದೆ ಸ್ವಾಪ್ ಥರದ ಇನ್ನೊಂದು ಕೂತಿದೆಯೇ ನೋಡಿ. ಆಮೇಲೆ ‘ಪಿವಿರೀಸೈಜ್ /ಡೆವ್/ಎಸ್‌ಡಿಎ3’, ಕೊನೆಗೆ ಲಾಜಿಕಲ್ ವಾಲ್ಯೂಮ್‌ನ ಹೆಸರಿನೊಂದಿಗೆ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ’. ಇಲ್ಲಿ ಎಲ್ ಸಣ್ಣಕ್ಷರ. ‘-ಆರ್’ ಇದ್ದರೆ ಫೈಲ್ ಸಿಸ್ಟಂ ಕೂಡ ಜೊತೆಗೇ ಬೆಳೆಯುತ್ತದೆ. ವಿಎಂ ನಿಲ್ಲಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ನಮ್ಮ ಸಂಘದ ಸರ್ವರ್‌ನಲ್ಲಿ ಮೂರೂ ವಿಎಂಗಳು ಒಟ್ಟಿಗೆ ‘ರೀಡ್ ಓನ್ಲಿ’ ಆಗಿಬಿಟ್ಟವು. ಒಳಗೆ ನೋಡಿದರೆ ಪ್ರತಿಯೊಂದರಲ್ಲೂ ಅರ್ಧ ಜಾಗ ಖಾಲಿ. ರೀಬೂಟ್ ಮಾಡಿದರೂ ಅದೇ ಕಥೆ.
– ಓದುಗರು, ಮಂಡ್ಯ

ಉತ್ತರ: ರೀಬೂಟ್ ನಿಲ್ಲಿಸಿ. ಹೋಸ್ಟ್‌ನಲ್ಲಿ ‘ಎಲ್‌ವಿಎಸ್ -ಎ’ ಕೊಟ್ಟು ಡೇಟಾ% ಮತ್ತು ಮೆಟಾ% (ಪೂಲ್‌ನ ಲೆಕ್ಕಪತ್ರಕ್ಕೆ ಮೀಸಲಾದ ಜಾಗ) ಕಂಬಗಳನ್ನು ನೋಡಿ. ಡೇಟಾ 100 ಮುಟ್ಟಿರುತ್ತದೆ. ವಿಎಂಗಳ ಡಿಸ್ಕ್‌ಗಳು ಹಂಚಿಕೊಳ್ಳುವ ಜಾಗಕ್ಕೆ ಥಿನ್ ಪೂಲ್ ಎನ್ನುತ್ತಾರೆ. ಅದರಲ್ಲಿ 1 ಟಿಬಿ ಇಟ್ಟುಕೊಂಡು 500 ಜಿಬಿಯ ಮೂರು ಡಿಸ್ಕ್ ಕೊಡಬಹುದು. ಬರೆದಷ್ಟಕ್ಕೆ ಮಾತ್ರ ನಿಜವಾದ ಜಾಗ ಹೋಗುತ್ತದೆ. ಆದರೆ ವಿಎಂ ಒಳಗೆ ಕಡತ ಅಳಿಸಿದರೆ ಆ ಜಾಗ ಪೂಲ್‌ಗೆ ತಾನಾಗಿ ಮರಳುವುದಿಲ್ಲ. ಒಳಗೆ ಖಾಲಿ, ಹೊರಗೆ ಭರ್ತಿ ಆಗುವುದು ಹೀಗೆ. ಪೂಲ್ ತುಂಬಿದಾಗ ಬರಹಗಳು ಸಾಮಾನ್ಯವಾಗಿ 60 ಸೆಕೆಂಡ್ ಕಾಯುತ್ತವೆ, ಆಮೇಲೆ ದೋಷವಾಗಿ ಹಿಂದಿರುಗುತ್ತವೆ, ಲಿನಕ್ಸ್ ತನ್ನ ಫೈಲ್ ಸಿಸ್ಟಂಗೆ ಬೀಗ ಹಾಕಿಕೊಳ್ಳುತ್ತದೆ.

ವಿಎಂಗಳನ್ನು ನಿಲ್ಲಿಸಿ ಪೂಲ್ ದೊಡ್ಡದು ಮಾಡಿ. ‘ವಿಜಿಎಸ್’ನಲ್ಲಿ ಖಾಲಿ ಉಳಿಸಿಕೊಂಡವರಿಗೆ ಇದು ಎರಡು ನಿಮಿಷದ ಕೆಲಸ. ಇಲ್ಲದವರು ಹೊಸ ಡಿಸ್ಕ್ ಹಾಕಿ ‘ಪಿವಿಕ್ರಿಯೇಟ್’, ‘ವಿಜಿಎಕ್ಸ್‌ಟೆಂಡ್’ ಮಾಡಿಕೊಳ್ಳಬೇಕು. ಒಂಟಿ ಡಿಸ್ಕ್ ಸೇರಿಸಿದರೆ ಅದು ಕೆಟ್ಟ ದಿನ ಪೂಲ್ ಪೂರ್ತಿ ಹೋಗುತ್ತದೆ, ಆದ್ದರಿಂದ ಜೋಡಿಯಾಗಿ ರೇಡ್ 1ರಲ್ಲಿ (ಒಂದರ ಪ್ರತಿ ಇನ್ನೊಂದರಲ್ಲಿ) ಹಾಕಿ. ಮೆಟಾ% ಕೂಡ ತುಂಬಿದ್ದರೆ ವಿಷಯ ಗಂಭೀರ: ಪೂಲ್ ಅನ್ನು ನಿಷ್ಕ್ರಿಯಗೊಳಿಸಿ ‘ಎಲ್‌ವಿಕನ್ವರ್ಟ್ --ರಿಪೇರ್’ ಮಾಡಬೇಕಾಗಬಹುದು. ಬ್ಯಾಕಪ್ ಕೈಯಲ್ಲಿಲ್ಲದೆ ಅದಕ್ಕೆ ಕೈ ಹಾಕಬೇಡಿ. ವಿಎಂಗಳನ್ನು ಎಬ್ಬಿಸುವಾಗ, ಫೈಲ್ ಸಿಸ್ಟಂ ಬಳಕೆಗೆ ಬರುವ ಮುನ್ನವೇ, ಪ್ರತಿಯೊಂದಕ್ಕೂ ‘ಎಫ್‌ಎಸ್‌ಸಿಕೆ’ (ಫೈಲ್ ಸಿಸ್ಟಂ ತಪಾಸಣೆ) ಆಗಲಿ.

ಮತ್ತೆ ಹೀಗಾಗದಿರಲು, ಅಳಿಸಿದ ಜಾಗ ಪೂಲ್‌ಗೆ ಮರಳುವಂತೆ ವಿಎಂ ಡಿಸ್ಕ್‌ನ ‘ಡಿಸ್ಕಾರ್ಡ್’ ಗುರುತು ಹಾಕಿ, ವಿಎಂ ಆರಿಸಿ ಮತ್ತೆ ಹಚ್ಚಿ, ಒಳಗೆ ‘ಎಫ್‌ಎಸ್‌ಟ್ರಿಮ್ -ಎವಿ’ ಓಡಿಸಿ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯಿರಿ. ಎಲ್‌ವಿಎಂ ಸಂರಚನೆಯಲ್ಲಿ ತಾನಾಗಿ ಹಿಗ್ಗುವ ಮಿತಿ 100 ಎಂದಿರುತ್ತದೆ, ಅಂದರೆ ಹಿಗ್ಗುವುದೇ ಇಲ್ಲ. ಅದನ್ನು 80 ಮಾಡಿ. ಹಿಗ್ಗಲು ವಾಲ್ಯೂಮ್ ಗ್ರೂಪ್‌ನಲ್ಲಿ ಖಾಲಿ ಜಾಗ ಇರಲೇಬೇಕು.

ಪ್ರಶ್ನೆ: ವಿಂಡೋಸ್ ವಿಎಂಗೆ 100 ಜಿಬಿ ಸೇರಿಸಿದೆ. ಸಿ ಡ್ರೈವ್ ಮೇಲೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿದೆ, ಒತ್ತಲು ಬರುತ್ತಿಲ್ಲ.
– ಓದುಗರು, ಮದ್ದೂರು

ಉತ್ತರ: ಸಿ ಡ್ರೈವ್ ಮತ್ತು ಹೊಸ ಜಾಗದ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತದೆ. ವಿಂಡೋಸ್ ಬಲಬದಿಗೆ ತಾಗಿದ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ. ಮೊದಲು ‘ರಿಏಜೆಂಟ್‌ಸಿ /ಡಿಸೇಬಲ್’, ನಂತರ ‘ಡಿಸ್ಕ್‌ಪಾರ್ಟ್’ನಲ್ಲಿ ಆ ಪಾರ್ಟಿಷನ್ ಆರಿಸಿ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’. ಆರಿಸಿದ್ದು ಸರಿಯೇ ಎಂದು ಎರಡು ಸಲ ನೋಡಿ, ಅಳಿಸಿದ್ದನ್ನು ವಾಪಸ್ ಕೇಳುವಂತಿಲ್ಲ. ಸಿ ಹಿಗ್ಗಿಸುವಾಗ ಕೊನೆಯಲ್ಲಿ 1 ಜಿಬಿ ಬಿಟ್ಟರೆ ರಿಕವರಿಯನ್ನು ಅಲ್ಲಿ ಮತ್ತೆ ಕಟ್ಟಬಹುದು.