ನ್ಯೂಪೋರ್ಟ್ 11 ಕಿಟ್‌ಗೆ ಕಾರಿನ ಎಂಜಿನ್ ಆಗುತ್ತಾ?

ಪ್ರಶ್ನೆ: ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ, ಪೈಲಟ್ ಲೈಸೆನ್ಸ್ ಇದೆ. ಮೊದಲ ಮಹಾಯುದ್ಧದ ಯುದ್ಧವಿಮಾನ ನ್ಯೂಪೋರ್ಟ್ 11ರ ಕಿಟ್ ತಂದು ಗ್ಯಾರೇಜಿನಲ್ಲಿ ಕಟ್ಟುವ ಆಸೆ. ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ ಅಗ್ಗಕ್ಕೆ ಸಿಗುತ್ತಿದೆ. ಅದನ್ನೇ ಹಾಕಲಾ?

ಉತ್ತರ: ಹಾಕಬಹುದು, ಇಂಥ ವಿಮಾನಗಳಿಗೆ ಅದನ್ನು ಹಾಕಿ ಹಾರಿಸುವವರಿದ್ದಾರೆ. ಆದರೆ ಅಗ್ಗ ಅಂತ ಈಗಲೇ ಕೊಂಡುಬಿಡಬೇಡಿ.

1916ರಲ್ಲಿ ಫ್ರೆಂಚರು ಹಾರಿಸಿದ ಅಸಲಿ ವಿಮಾನದಲ್ಲಿ 80 ಅಶ್ವಶಕ್ತಿಯ ಲ ರೋನ್ ರೋಟರಿ ಎಂಜಿನ್ ಇತ್ತು. ಅದರಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ಮುಖ್ಯ ದಂಡ) ಅಲ್ಲಾಡದೆ ನಿಂತಿರುತ್ತದೆ, ಒಂಬತ್ತೂ ಸಿಲಿಂಡರ್ ಪ್ರೊಪೆಲ್ಲರ್ ಜೊತೆಗೇ ಗಿರ್ರನೆ ಸುತ್ತುತ್ತವೆ. ಎಂಥ ಯಂತ್ರ ಅಲ್ವಾ! ಫೋಕ್ಸ್‌ವ್ಯಾಗನ್ ಎಂಜಿನ್ನಿಗಿಂತ ತೂಕವೂ ಜಾಸ್ತಿ, ಹಾಗಾಗಿ ಮೂತಿ ಗಿಡ್ಡವಿದ್ದರೂ ನಡೆಯಿತು. ಅದೇ ಜಾಗದಲ್ಲಿ ಹಗುರ ಎಂಜಿನ್ ಕೂರಿಸಿದರೆ ಬಾಲ ಭಾರವಾಗುತ್ತದೆ, ಆಮೇಲೆ ಸ್ಟಾಲ್ ಆದಾಗ, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಂಡಾಗ, ಮೂತಿ ಕೆಳಗಿಳಿಯದೆ ವಿಮಾನ ಕೈಗೇ ಸಿಗದೆ ಹೋಗಬಹುದು. ಎಂಜಿನ್ನನ್ನು ಎಷ್ಟು ಮುಂದಕ್ಕೆ ಕೂರಿಸಬೇಕು ಅನ್ನೋದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ. ಕಟ್ಟಿ ಮುಗಿದ ಮೇಲೆ ಎರಡು ಚಕ್ರ, ಬಾಲ ಮೂರರ ಕೆಳಗೂ ತಕ್ಕಡಿ ಇಟ್ಟು ತೂಗಿ.

ಪ್ರೊಪೆಲ್ಲರ್ ಇನ್ನೊಂದು ತೊಂದರೆ. ಲ ರೋನ್ ನಿಮಿಷಕ್ಕೆ ಸುಮಾರು 1200 ಸುತ್ತು ತಿರುಗುತ್ತಿತ್ತು, ದೊಡ್ಡ ಪ್ರೊಪೆಲ್ಲರನ್ನು ನಿಧಾನಕ್ಕೆ ತಿರುಗಿಸುತ್ತಿತ್ತು. ಫೋಕ್ಸ್‌ವ್ಯಾಗನ್‌ಗೆ ಪ್ರೊಪೆಲ್ಲರ್ ನೇರವಾಗಿ ಜೋಡಿಸಿದರೆ ಸುತ್ತು 3000 ದಾಟುತ್ತದೆ, ಆಗ ಪ್ರೊಪೆಲ್ಲರ್ ಚಿಕ್ಕದೇ ಇರಬೇಕು. ತಂತಿ, ಕಂಬ, ಎರಡು ರೆಕ್ಕೆ ಎಲ್ಲ ಗಾಳಿಗೆ ಅಡ್ಡ ನಿಂತಿರುವ ಇಂಥ ನಿಧಾನದ ವಿಮಾನಕ್ಕೆ ಆ ಚಿಕ್ಕ ಪ್ರೊಪೆಲ್ಲರಿನ ಎಳೆತ ಸಾಲದೆ ಬರಬಹುದು, ಮೇಲೇರುವಾಗಲಂತೂ. ನಾನಾಗಿದ್ದರೆ ವೇಗ ಇಳಿಸುವ ಬೆಲ್ಟ್ ಅಥವಾ ಗೇರ್ ಸೇರಿಸುತ್ತಿದ್ದೆ. ಅದರ ತೂಕವೂ ಮೂತಿಗೇ ಬೀಳುತ್ತದೆ, ಒಳ್ಳೆಯದೇ.

ಕಾನೂನು ಕಷ್ಟವಿಲ್ಲ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳ ಕೈಯಲ್ಲೇ ಆಗಿರಬೇಕು, ಮುಖ್ಯ ನಿಯಮ ಅದು. ಫೋಟೊ ತೆಗೆದಿಟ್ಟುಕೊಳ್ಳಿ, ಪರಿಶೀಲನೆಗೆ ಬಂದವರು ಕೇಳುತ್ತಾರೆ.

ಬಾಲಚಕ್ರದ ವಿಮಾನ ಹಾರಿಸಿ ಅಭ್ಯಾಸವಿಲ್ಲದಿದ್ದರೆ ಕಟ್ಟುತ್ತಿರುವಾಗಲೇ ಕಲಿತುಬಿಡಿ. ಇಂಥವು ಇಳಿದ ಮೇಲೆ ಗಿರಕಿ ಹೊಡೆಯಲು ಕಾಯುತ್ತಿರುತ್ತವೆ. ಡಾಂಬರಿಗಿಂತ ಹುಲ್ಲಿನ ಮೈದಾನ ಮೇಲು.

ದುಡ್ಡು ಕೊಡುವ ಮುಂಚೆ ಕಿಟ್ ಮಾರುವವರಲ್ಲಿ ಒಂದು ವಿಷಯ ಕೇಳಿ: ಇದೇ ಎಂಜಿನ್ ಹಾಕಿ ಈಗ ಹಾರುತ್ತಿರುವ ವಿಮಾನವಿದೆಯಾ, ಅದರ ತೂಕದ ಕಾಗದ ತೋರಿಸುತ್ತಾರಾ? ತೋರಿಸದಿದ್ದರೆ ಬೇರೆ ಕಿಟ್ ನೋಡಿ.