ಬೇಡ ಅಂದಾಗ ತೆಗೆಸಬಹುದಾದ ತೂಕದ ಆಪರೇಷನ್ ಇದೆಯಾ?

ಎತ್ತರ 160 ಸೆಂ.ಮೀ., ತೂಕ 90 ಕೆಜಿ, ಹೊಟ್ಟೆ ಕೊಯ್ಸಿಕೊಳ್ಳೋಕೆ ಭಯ, ಬೇಡ ಅನ್ನಿಸಿದರೆ ಮೊದಲಿನ ಹಾಗೇ ಆಗುವ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಕಲಬುರಗಿಯವನು. ಹೈದರಾಬಾದಿಗೆ ಹೋಗಿ ಹೊಟ್ಟೆಯೊಳಗೆ ಬಲೂನ್ ಹಾಕಿಸಿಕೊಂಡಿದ್ದೆ.

ಇದರಲ್ಲಿ ಕೊಯ್ಯುವುದೇ ಇಲ್ಲ. ಮಂಪರು ಬರಿಸಿ, ಬಾಯಿಯಿಂದ ಎಂಡೋಸ್ಕೋಪಿ ನಳಿಗೆ ಇಳಿಸಿ, ಜಠರದಲ್ಲಿ ಸಿಲಿಕೋನ್ ಬಲೂನ್ ಇಟ್ಟು ಸುಮಾರು ಅರ್ಧ ಲೀಟರ್ ಸಲೈನ್ ತುಂಬುತ್ತಾರೆ. ಅರ್ಧ ಗಂಟೆ ಕೆಲಸ. ಸಲೈನಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಬಲೂನ್ ಸೋರಿದರೆ ಮೂತ್ರ ನೀಲಿಯೋ ಹಸಿರೋ ಆಗುತ್ತದೆ. ಆಗ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಯಾಕೆಂದರೆ ಗಾಳಿ ಹೋದ ಚೀಲದಂಥ ಬಲೂನ್ ಕರುಳಿಗೆ ಜಾರಿ ಸಿಕ್ಕಿಕೊಳ್ಳಬಹುದು. ಬಲೂನ್ ಹೊಟ್ಟೆಯಲ್ಲಿದ್ದ ಆರು ತಿಂಗಳೂ ಬೆಳಿಗ್ಗೆ ಎದ್ದು ನಾನು ಮೊದಲು ನೋಡುತ್ತಿದ್ದುದು ಮೂತ್ರದ ಬಣ್ಣವನ್ನೇ.

ಮೊದಲ ಮೂರು ದಿನ ಬಹಳ ಕಷ್ಟ. ನೀರು ಕುಡಿದರೂ ವಾಂತಿ. ಹೆಂಡತಿ ರಾತ್ರಿಯೆಲ್ಲ ಕೂತು ಚಮಚದಲ್ಲಿ ಓಆರ್‌ಎಸ್ ಹಾಕಿದಳು. ನಮ್ಮ ಕಡೆಯವರಿಗೆ ಒಂದು ಮಾತು: ಏಪ್ರಿಲ್, ಮೇ ಬಿಸಿಲಲ್ಲಿ ಮಾತ್ರ ಹಾಕಿಸಿಕೊಳ್ಳಬೇಡಿ.

ನಾಲ್ಕನೇ ದಿನದಿಂದ ಗಂಜಿ, ಆಮೇಲೆ ಮೆತ್ತಗಿನ ಊಟ, ಕೊನೆಗೆ ರೊಟ್ಟಿ. ಮೂರು ಜೋಳದ ರೊಟ್ಟಿ ಉಣ್ಣುತ್ತಿದ್ದವನಿಗೆ ಮುಕ್ಕಾಲು ರೊಟ್ಟಿಗೇ ಎದೆತನಕ ತುಂಬಿದ ಹಾಗೆ. ಅವ್ವ ತಾಟು ನೋಡಿ “ಇಷ್ಟ ಉಂಡ್ರ ಹ್ಯಾಂಗಪಾ” ಅಂತ ಕಣ್ಣೀರು ಹಾಕಿದಳು. ಆದರೆ ಲಸ್ಸಿ, ಕೂಲ್ ಡ್ರಿಂಕ್, ಐಸ್ ಕ್ರೀಮ್ ಸಲೀಸಾಗಿ ಇಳಿದುಬಿಡುತ್ತವೆ. ನಮ್ಮ ಕಡೆಯ ಸಿಹಿ ಮಾಲ್ಪುರಿ ಬಾಯಲ್ಲಿಟ್ಟರೆ ಕರಗುತ್ತದೆ, ಅಲ್ವಾ? ಬಲೂನ್ ಅದನ್ನು ತಡೆಯುವುದಿಲ್ಲ. ನಾನು ಅಲ್ಲೇ ಎಡವಿದೆ. 108 ಇದ್ದವನು ಆರು ತಿಂಗಳಿಗೆ 94ಕ್ಕೆ ಬಂದೆ. ಬಲೂನ್ ತೆಗೆಸಿ ಒಂದು ವರ್ಷಕ್ಕೆ ಮತ್ತೆ 99.

ಬಲೂನ್ ಹೋದ ಮೇಲೆ ಜಠರ ಮೊದಲಿನ ಹಾಗೇ ಆಗುತ್ತದೆ, ಹಸಿವೂ ಮೊದಲಿನಷ್ಟೇ. ನೀವು ಕೇಳಿದ ಅನುಕೂಲ ಅದೇ, ತೊಂದರೆಯೂ ಅದೇ. ಆ ಆರು ತಿಂಗಳಲ್ಲಿ ನಿಧಾನ ಅಗಿದು ಉಣ್ಣೋದು, ದಿನಾ ನಡೆಯೋದು ರೂಢಿ ಆಗಿಬಿಡಬೇಕು. ನಾನು ನಮ್ಮೂರಿನ ಅಪ್ಪನ ಕೆರೆ ಸುತ್ತೋಕೆ ಶುರು ಮಾಡಿದ್ದು ಐದನೇ ತಿಂಗಳಲ್ಲಿ, ತಡವಾಯಿತು.

ಇನ್ನೊಂದು ಲ್ಯಾಪ್ ಬ್ಯಾಂಡ್. ಸಣ್ಣ ತೂತುಗಳಿಂದ ಜಠರದ ಮೇಲ್ಭಾಗಕ್ಕೆ ಪಟ್ಟಿ ಕಟ್ಟುತ್ತಾರೆ, ಬೇಡ ಅಂದರೆ ತೆಗೆಯಬಹುದು. ಪಟ್ಟಿ ಜಾರುವುದು, ಜಠರದ ಗೋಡೆ ಕೊರೆಯುವುದು ಜಾಸ್ತಿ ಅಂತ ಈಗ ತುಂಬಾ ಕಡಿಮೆ ಆಗಿದೆ. ಸ್ಲೀವ್ ಆಪರೇಷನ್ ಬೇರೆ. ಅದೂ ಸಣ್ಣ ತೂತುಗಳಿಂದಲೇ ಮಾಡುವುದು, ಆದರೆ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ಹೊರಗೆ ಹಾಕುತ್ತಾರೆ. ಅದು ವಾಪಸ್ ಬರುವುದಿಲ್ಲ. “ಸಣ್ಣ ಆಪರೇಷನ್” ಅಂದ ಕೂಡಲೇ “ವಾಪಸ್ ಆಗುತ್ತದಾ” ಅಂತ ಬೇರೆಯಾಗಿ ಕೇಳಿ.

ಹಿಂದೆ ಜಠರದ ಆಪರೇಷನ್ ಆಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ, ಮಂಡಿನೋವಿಗೆ ದಿನಾ ಪೇನ್ ಕಿಲ್ಲರ್ ತಿನ್ನುತ್ತಿದ್ದರೆ, ಮಗು ಬೇಕು ಅಂತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 35 ಆಗುತ್ತದೆ. ಇದರ ಜೊತೆ ಶುಗರೂ ಇದ್ದರೆ ಸ್ಲೀವ್ ಅಥವಾ ಬೈಪಾಸ್‌ನಿಂದ (ಹೃದಯದ್ದಲ್ಲ, ಜಠರ ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸುವುದು) ಬಲೂನಿಗಿಂತ ಜಾಸ್ತಿ ಲಾಭ ಆಗಬಹುದು. ಸಲೀಸಾಗಿ ವಾಪಸ್ ಆಗುವುದಿಲ್ಲ ಅಂತ ಅವನ್ನು ಸುಮ್ನೆ ಬಿಡಬೇಡಿ, ಆ ಲೆಕ್ಕವನ್ನೂ ಕೂತು ಕೇಳಿಕೊಂಡು ಬನ್ನಿ.